ಹೇಮಾ ಆಂಟಿ ಕಂಬ

"ತಪ್ಪು ನಿಮ್ಮದಲ್ಲ ಅಂದ್ಮೇಲೆ ಆಕ್ಸಿಡೆಂಟೇ ಆಗಿಲ್ಲ ಅಂದ್ಬಿಡಿ" ಅಂದ್ರೆ ಏನ್ರೀ ಅರ್ಥ? ಹಲೋ ಇಲ್ಲ, ಹೆಸರಿಲ್ಲ, ಫೋನೆತ್ತಿದ ತಕ್ಷಣ ಉಪದೇಶ. ಮೊದಲು ಯಾರು ಮಾತಾಡ್ತಿರೋದು ಅಂತ ಹೇಳಿ…

ಯಾವ ಬಸು?…

ಓಹೋ, ನಮ್ಮ ಬಸುನಾ. "ಅತ್ತಿಗೆ, ನಾನು ಬಸು" ಅನ್ನೋದಕ್ಕೇನಪ್ಪ ಕಷ್ಟ? ಯುಗಾದಿಗೆ ನಿನ್ನ ಫೋನಿಲ್ಲ, ನಿಮ್ಮಮ್ಮನ ಕಣ್ಣಿನ ಪೊರೆ ತೆಗೆಸಿದಾಗ ಫೋನಿಲ್ಲ. ಇವತ್ತು ನಾಗಸಂದ್ರದಿಂದ ಹೆಬ್ಬಗೋಡಿ ತನಕ ಪ್ರೀತಿ ಉಕ್ಕಿ ಹರೀತಾ ಇದೆ. ನಿಮ್ಮಣ್ಣ ಮಾಡಿದ್ರು, ಅಲ್ವಾ ಫೋನು?…

ಹಾಂ. ಗೊತ್ತಿತ್ತು. ನಾನು ಮಾಡಿದ್ರೆ ಆ ಮಾತ್ರೆ ಫ್ಯಾಕ್ಟರಿಯಲ್ಲಿ ಬೆಳಗಿಂದ ಸಂಜೆ ತನಕ ಮೀಟಿಂಗು. ತಮ್ಮನಿಗೆ ಚಾಡಿ ಹೇಳೋದಕ್ಕೆ ಮಾತ್ರ ಮೀಟಿಂಗಿಗೂ ಒಂದು ಹಿತ್ತಲ ಬಾಗಿಲು ಇರುತ್ತೆ. ಸರಿ, ಹೇಳು. ಬಾಲ್ಕನಿಗೆ ಬಂದಿದೀನಿ, ಇದು ಕಾರ್ಡ್‌ಲೆಸ್ಸು, ಸ್ವಲ್ಪ ಗರಗರ ಅನ್ನುತ್ತೆ. ಕರೆಂಟ್ ಹೋದ್ರೆ ಇದೂ ಹೋಗುತ್ತೆ. ಅಷ್ಟರೊಳಗೆ ಹೇಳಿ ಮುಗಿಸು…

ಹೌದು, ಒಂದು ಹುಡುಗಿ ಫೋನ್ ಮಾಡಿದ್ಲು ಬೆಳಿಗ್ಗೆ. ಸವಿತಾ ಅಂತೆ ಹೆಸರು. ಕಾರಿನ ಇನ್ಶೂರೆನ್ಸು ನಿನ್ನೆಗೆ ಮುಗೀತಲ್ಲ, ಹೊಸ ಕಂಪನಿಗೆ ಬದಲಾಯಿಸ್ಕೊಳ್ಳೋಣ ಅಂತ ನಿಮ್ಮಣ್ಣನೇ ನನ್ನ ನಂಬರ್ ಕೊಟ್ಟಿದ್ರು. ಕಾರು ನನ್ನ ಹೆಸರಲ್ಲಿದೆ ನೋಡು, ಅದಕ್ಕೆ. ಒಳ್ಳೆ ಧ್ವನಿ ಕಣೋ ಆ ಹುಡುಗೀದು, ಮೈಸೂರು ಕಡೆಯವಳಿರಬೇಕು. ಒಂದೊಂದೇ ಪ್ರಶ್ನೆ ಕೇಳ್ಕೊಂಡು ಬಂದ್ಲು. ಆಮೇಲೆ ಇದು. "ಮೇಡಂ, ಕಳೆದ ವರ್ಷ ನಿಮ್ಮ ಗಾಡಿಗೆ ಏನಾದ್ರೂ ಆಗಿತ್ತಾ? ತಪ್ಪು ನಿಮ್ಮದಿರಲಿ, ಇನ್ನೊಬ್ಬರದಿರಲಿ, ಹೇಳ್ಬೇಕು ಮೇಡಂ." ಕುಕ್ಕರ್ ಕೂಗ್ತಾ ಇತ್ತು. ಊಟ ಆದ್ಮೇಲೆ ಮಾಡಮ್ಮ ಅಂದು ಇಟ್ಟೆ. ಇಟ್ಟ ಮೇಲೆ ಕುಕ್ಕರ್ ಆರಿಸೋದು ಮರೆತು ಅಲ್ಲೇ ನಿಂತಿದ್ದೆ. ಒಂದು ವರ್ಷ ಆಯ್ತು ಬಸು, "ಏನಾಯ್ತು" ಅಂತ ನನ್ನನ್ನ ಕೇಳಿದ ಮೊದಲನೇ ಜೀವ ಆ ಹುಡುಗಿ…

ಏನು? ಬೋನಸ್ಸಾ?…

ತಡಿ ತಡಿ, ನನಗೆ ಅರ್ಥ ಆಗೋ ಹಾಗೆ ಹೇಳು. ವರ್ಷದಲ್ಲಿ ಏನೂ ಕ್ಲೇಮ್ ಮಾಡಲಿಲ್ಲ ಅಂದ್ರೆ ಅವರು ರಿಯಾಯಿತಿ ಕೊಡ್ತಾರೆ. ತಪ್ಪು ನನ್ನದಲ್ಲದೇ ಇರೋದ್ರಿಂದ ಅದನ್ನ ಲೆಕ್ಕಕ್ಕೆ ಹಿಡೀಬೇಕಾಗಿಲ್ಲ. ಹಾಗಾಗಿ "ಏನೂ ಆಗಿಲ್ಲ" ಅಂತ ಹೇಳಿ ರಿಯಾಯಿತಿ ತಗೋಬೇಕು. ಇದು ನಿನ್ನ ಬುದ್ಧಿಯೋ, ನಿಮ್ಮಣ್ಣನದೋ?…

ಇಬ್ಬರದೂ. ಸರಿ. ಅಲ್ಲ ಕಣೋ, ಬಾನೆಟ್ ರಿಪೇರಿ ಮಾಡಿಸೋವಾಗ ತಪ್ಪು ನನ್ನದು ಅಂತ ಬರೆಸಿದವರು ಯಾರು? ನಿನ್ನ ಸರ್ವಿಸ್ ಸೆಂಟರಿನಲ್ಲೇ ತಾನೆ? ದುಡ್ಡು ಬರೋದಾದ್ರೆ ತಪ್ಪು ಹೇಮಲತಾಂದು. ರಿಯಾಯಿತಿ ಬರೋದಾದ್ರೆ ತಪ್ಪು ಹೇಮಲತಾಂದಲ್ಲ. ನನ್ನ ತಪ್ಪೇನು ನಿಮ್ಮ ಮನೆ ಜೋಕಾಲಿನಾ, ಅತ್ತ ಒಬ್ಬ ಇತ್ತ ಒಬ್ಬ ನಿಂತು ತೂಗೋದಕ್ಕೆ?…

ಹಳೇದು ಯಾಕೆ ತೆಗೀಬೇಕು ಅಂದ್ರೆ, ಹಳೇದು ಇನ್ನೂ ಹಳೇದಾಗಿಲ್ಲ ಅದಕ್ಕೆ. ನೀನು ಆವತ್ತು ಇರಲಿಲ್ಲ. ಕೇಳ್ಕೋ. ಕಳೆದ ಬೇಸಿಗೆ, ಭಾನುವಾರ. ನಿಮ್ಮಮ್ಮನ್ನ ಕಣ್ಣಿನ ಆಸ್ಪತ್ರೆಗೆ ತೋರಿಸ್ಕೊಂಡು ವಾಪಸ್ ಬರ್ತಿದ್ವಿ. ನಾನು ಓಡಿಸ್ತಿದ್ದೆ, ಪಕ್ಕದಲ್ಲಿ ನಿಮ್ಮಣ್ಣ, ಹಿಂದೆ ಅತ್ತೆ. ನಮ್ಮ ಗೇಟಿನ ಹತ್ರ ಬಂದ್ರೆ ನೀರಿನ ಟ್ಯಾಂಕರು ಅಡ್ಡ ನಿಂತಿದೆ. ನಾನೂ ನಿಂತೆ. ಹ್ಯಾಂಡ್‌ಬ್ರೇಕ್ ಎಳೆದೆ. ಹಾರನ್ ಕೂಡ ಹೊಡೀಲಿಲ್ಲ ಕಣೋ, ಪಾಪ ನೀರು ಇಳಿಸ್ತಿದಾನೆ, ಇಳಿಸ್ಕೊಳ್ಲಿ ಅಂತ. ಅವನು ಹಿಂದೂ ನೋಡಲಿಲ್ಲ, ಮುಂದೂ ನೋಡಲಿಲ್ಲ, ರಿವರ್ಸ್ ಹಾಕಿ ಸೀದಾ ಬಂದು ನನ್ನ ಬಾನೆಟ್ ಮೇಲೆ ಕೂತ. ಎಮ್ಮೆ ಕೆಸರಲ್ಲಿ ಕೂರುತ್ತಲ್ಲ, ಹಾಗೆ…

ಡ್ರೈವರಲ್ಲ. ಡ್ರೈವರಾಗಿದ್ರೆ ಚೆನ್ನಾಗಿತ್ತು. ಟ್ಯಾಂಕರ್ ಮಾಲೀಕ ಮರೆಪ್ಪ ಇದಾನಲ್ಲ, ಅವನ ಬಾಮೈದ. ಕಲೀತಾ ಇದ್ನಂತೆ. ಲೈಸೆನ್ಸೂ ಇಲ್ಲ, ಕಾಲಿಗೆ ಚಪ್ಪಲೀನೂ ಇಲ್ಲ. ನಾನು ಕೆಳಗಿಳಿದು, ನಡಿ ಸ್ಟೇಷನ್ನಿಗೆ ಅಂದೆ. ಅಷ್ಟು ಹೊತ್ತಿಗೆ ಪಕ್ಕದ ಸೀಟಿಂದ ಇಳಿದ್ರು ನೋಡು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ ಶ್ರೀಮಾನ್ ಸಿದ್ದರಾಮಪ್ಪನವರು…

ಹೌದಪ್ಪ, ನಿಮ್ಮಣ್ಣಾನೇ. ಗಂಡನಾಗಿ ಇಳಿದಿದ್ರೆ ನಿಮ್ಮಣ್ಣ ಅಂತಿದ್ದೆ. ಇಳಿದದ್ದು ಸೆಕ್ರೆಟರಿ. ನನ್ನನ್ನ ಪಕ್ಕಕ್ಕೆ ಕರೆದು, ಹೇಮಾ, ಮರೆಪ್ಪ ಮುನಿಸ್ಕೊಂಡ್ರೆ ನಾಳೆಯಿಂದ ಯಾವ ಮನೆಗೂ ನೀರಿಲ್ಲ, ಬೋರ್‌ವೆಲ್ ಬತ್ತಿ ಹೋಗಿದೆ, ಜನ ನನ್ನ ಬಾಗಿಲಿಗೆ ಬಿಂದಿಗೆ ತಂದಿಡ್ತಾರೆ ಅಂದ್ರು. ಆ ಮರೆಪ್ಪ ಕೈಕಟ್ಕೊಂಡು ನಿಂತು ಆಕಾಶ ನೋಡ್ತಿದ್ದ. ಕ್ಷಮಿಸಿ ಅಂತ ಬೇಡ, ಅಯ್ಯೋ ಅಂತಾದ್ರೂ ಅನ್ನಬೇಕೋ ಬೇಡ್ವೋ? "ಸಣ್ಣದು ಬಿಡಕ್ಕ" ಅಂದ. ನನ್ನ ಹೆಡ್‌ಲೈಟು ಅವನ ಕಾಲ ಹತ್ರ ಪುಡಿಯಾಗಿ ಬಿದ್ದಿದೆ, ಸಣ್ಣದಂತೆ. ಪುಡಿಯಾದ್ದು ಸಣ್ಣದೇ ಅಲ್ವಾ…

ನಗಬೇಡ. ಈಗ ನಿನ್ನ ಕಥೆಗೆ ಬರ್ತೀನಿ. ಮಾರನೇ ದಿನ ನಿನ್ನ ಹತ್ರ ಗಾಡಿ ಬಂತು. ಖಾಲಿ ಫಾರಂ ಕಳಿಸಿ, "ಸಹಿ ಹಾಕಿ ಕೊಡಿ ಅತ್ತಿಗೆ, ಮಿಕ್ಕಿದ್ದು ನಾವು ತುಂಬ್ಕೋತೀವಿ" ಅಂದೆ. ಮನೆ ಹುಡುಗ ಅಂತ ಹಾಕಿದೆ. ನೀವೇನು ತುಂಬಿದ್ರಿ? "ಗಾಡಿ ತಿರುಗಿಸುವಾಗ ಮಾಲೀಕರು ಗೇಟಿನ ಪಕ್ಕದ ಕರೆಂಟ್ ಕಂಬಕ್ಕೆ ಗುದ್ದಿದರು." ನಾನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ನೆನಪಿದೆಯಾ?…

ನನಗಿದೆ. "ಟ್ಯಾಂಕರ್ ಅಂದ್ರೆ ಸ್ಟೇಷನ್ನು, ಕೇಸು, ಓಡಾಟ. ಕಂಬಕ್ಕೆ ಅದೆಲ್ಲ ಇಲ್ಲ ಅತ್ತಿಗೆ, ಕಂಬ ಬಂದು ಸಾಕ್ಷಿ ಹೇಳಲ್ಲ" ಅಂದೆ. ಅಂದು ನಕ್ಕೆ ಬೇರೆ…

ಎಲ್ಲರೂ ಹಾಗೇ ಬರೆಸೋದು, ಗೊತ್ತು. ಈ ಊರಲ್ಲಿ ಕಾರಿಗೆ ಕಾರು ತಾಗೋದೇ ಇಲ್ಲ. ಹೆಬ್ಬಗೋಡಿಯಿಂದ ಪೀಣ್ಯದ ತನಕ ಪ್ರತಿಯೊಂದು ಗಾಡಿಯೂ ಒಂದು ಕಂಬ ಹುಡುಕ್ಕೊಂಡು ಹೋಗಿ ಗುದ್ದುತ್ತೆ, ಇಲ್ಲ ಅಂದ್ರೆ ನಾಯಿ ಅಡ್ಡ ಬರುತ್ತೆ. ನಿಮ್ಮ ಫಾರಮ್ಮುಗಳನ್ನ ಓದಿದವರಿಗೆ ಬೆಂಗಳೂರಲ್ಲಿ ಕಂಬ, ನಾಯಿ ಬಿಟ್ಟು ಇನ್ನೇನೂ ಇಲ್ಲ ಅನ್ನಿಸ್ಬೇಕು. ಇನ್ಶೂರೆನ್ಸ್ ಕಂಪನಿಯ ಸರ್ವೇಯರು ಬಂದು ಕಂಬದ ಫೋಟೋ ಬೇರೆ ತೆಗೆದ್ಕೊಂಡು ಹೋದ. ಅದರ ಮೇಲೆ ಒಂದು ಗೀರೂ ಇಲ್ಲ ಬಸು. ಯಾರೋ ಟ್ಯೂಷನ್ ಚೀಟಿ ಅಂಟಿಸಿದ್ರಲ್ಲ, ಅದರ ಮೂಲೆ ಕೂಡ ಹರಿದಿರಲಿಲ್ಲ. ಅವನಿಗೂ ಗೊತ್ತು, ನಿನಗೂ ಗೊತ್ತು, ಕಂಬಕ್ಕೂ ಗೊತ್ತು…

ಅಷ್ಟಕ್ಕೇ ಮುಗಿದಿದ್ರೆ ನಾನೂ ನುಂಗ್ಕೋತಿದ್ದೆ. ಮುಗೀಲಿಲ್ವಲ್ಲ. ಮರೆಪ್ಪನ ಹೆಸರು ಬರಬಾರದು ಅಂತ ನಿಮ್ಮಣ್ಣ ಮೊದಲು ಅಸೋಸಿಯೇಷನ್ನಿನವರ ಹತ್ರ ಹೇಳಿದ್ರು, ನಮ್ಮ ಮನೆಯವರು ಕಂಬಕ್ಕೆ ಗುದ್ದಿದ್ರು, ಅಂತ. ಸರಿ, ಕೆಲಸ ಆಗ್ಲಿ ಅಂತ ಹೇಳಿದ್ರು ಅಂದ್ಕೊಂಡೆ. ಆಮೇಲೆ ಆಫೀಸಲ್ಲಿ ಹೇಳಿದ್ರು. ಆಮೇಲೆ ದಾವಣಗೆರೆಯಲ್ಲಿ, ನಿಮ್ಮ ಚಿಕ್ಕಪ್ಪನ ಮನೆ ಗೃಹಪ್ರವೇಶದಲ್ಲಿ, ಊಟಕ್ಕೆ ಕೂತವರ ಎದುರಿಗೆ ನಿಂತು ಅಭಿನಯ ಮಾಡಿ ತೋರಿಸಿದ್ರು. ಸ್ಟೇರಿಂಗ್ ಹಿಡಿಯೋ ಹಾಗೆ ಕೈ. "ಕಂಬ ಎಲ್ಲಿತ್ತು ಅಂದ್ರೆ, ಅದೇ ಅಡ್ಡ ಬಂತು ಅಂತಾಳೆ ನಮ್ಮ ಹೇಮಾ." ಜನ ಹೋಳಿಗೆ ಗಂಟಲಲ್ಲಿ ಸಿಕ್ಕೋ ಹಾಗೆ ನಕ್ಕರು. ನೀನೂ ಇದ್ದೆಯಲ್ಲ ಅಲ್ಲಿ. ನೀನು ಬರೆದಿದ್ದ ಸುಳ್ಳನ್ನ ಕೇಳಿ ನೀನೇ ನಕ್ಕೆಯಲ್ಲೋ…

ತಮಾಷೆ. ಹಾಂ, ತಮಾಷೆ. ಯಾವಾಗ ತನಕ ತಮಾಷೆ ಹೇಳು. ಹೋದ ತಿಂಗಳು ರಾತ್ರಿ ಊಟಕ್ಕೆ ಕೂತಾಗ ನಾನೇ ಕೇಳಿದೆ, ರೀ, ಆವತ್ತು ಟ್ಯಾಂಕರ್ ಗುದ್ದಿದಾಗ ನಿಮ್ಮ ಮೊಣಕಾಲಿಗೆ ಪೆಟ್ಟಾಗಿತ್ತಲ್ಲ, ಈಗ ನೋವಿದೆಯಾ ಅಂತ. ಅವರು ನನ್ನ ಮುಖ ನೋಡಿ, "ಟ್ಯಾಂಕರ್ ಎಲ್ಲಿ ಗುದ್ದಿತು, ನೀನೇ ತಾನೇ ಕಂಬಕ್ಕೆ ಹೊಡೆದದ್ದು" ಅಂದ್ರು. ನಗ್ತಾ ಅಲ್ಲ ಬಸು. ನಿಜವಾಗಿ. ಪಕ್ಕದ ಸೀಟಲ್ಲಿ ಕೂತಿದ್ದ ಮನುಷ್ಯ. ಹೇಳಿ ಹೇಳಿ ಅವರಿಗೇ ಅದು ನಿಜ ಆಗ್ಬಿಟ್ಟಿದೆ. ನನಗೇ ಒಂದು ಕ್ಷಣ ಅನುಮಾನ ಬಂತು, ನಾನೇ ಏನಾದ್ರೂ…

ಆಗ ತಮಾಷೆ ಅನ್ನಿಸಲ್ಲ, ಅಲ್ವಾ? ನಿನಗೂ ಅನ್ನಿಸ್ತಿಲ್ಲ ಈಗ. ಒಳ್ಳೇದು…

ಹಾಂ? ಓಡಿಸ್ತಾ ಇಲ್ಲ. ನಿನಗೆ ಗೊತ್ತಿರಲಿಲ್ವಾ? ಕೀಲಿ ನಿಮ್ಮಣ್ಣನ ಜೇಬಲ್ಲಿರುತ್ತೆ. "ಸ್ವಲ್ಪ ದಿನ ಬೇಡ ಹೇಮಾ, ಧೈರ್ಯ ಬರಲಿ" ಅಂತಾರೆ. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಅಪ್ಪನ ಅಂಬಾಸಿಡರ್ ಓಡಿಸ್ತಿದ್ದವಳಿಗೆ ಧೈರ್ಯ ಬರಬೇಕಂತೆ. ಬೊಮ್ಮಸಂದ್ರಕ್ಕೆ ಕಂಪನಿ ಬಸ್ಸು ಗೇಟಿಗೇ ಬರುತ್ತೆ, ಆದ್ರೂ ಕಾರಲ್ಲಿ ಹೋಗ್ತಾರೆ. ಇನ್ಶೂರೆನ್ಸ್ ಮುಗಿದಿದೆ ಅಂತ ಇವತ್ತೊಂದು ದಿನ ಬಸ್ಸು ಹತ್ತಿದ್ರು. ನಾನು ನಿಮ್ಮಮ್ಮನ್ನ ಆಪರೇಷನ್ನಿಗೆ ಆಟೋದಲ್ಲಿ ಕರ್ಕೊಂಡು ಹೋದೆ, ಹೊಸೂರು ರೋಡಿನ ಧೂಳಲ್ಲಿ, ಅವರ ಕಣ್ಣಿಗೆ ನನ್ನ ಸೆರಗು ಮುಚ್ಚಿ. ಮೇಲಿನ ಮನೆ ಭಾಗ್ಯಶ್ರೀ ಮಗಳನ್ನ ನಾನು ಸ್ಕೂಲಿಗೆ ಬಿಡ್ತಿದ್ದೆ. "ನಿಮಗ್ಯಾಕೆ ತೊಂದ್ರೆ ಆಂಟಿ" ಅಂತ ವ್ಯಾನಿಗೆ ಹಾಕಿದ್ಲು. ಬಾಯಿ ಎಷ್ಟು ಸಿಹಿ ನೋಡು…

ಇನ್ನೂ ಇದೆ. ಸಂಜೆ ಮಕ್ಕಳು ಕೆಳಗೆ ಕಣ್ಣಾಮುಚ್ಚಾಲೆ ಆಡ್ತಾರೆ. ಎಣಿಸೋದಕ್ಕೆ ಒಂದು ಜಾಗ ಬೇಕಲ್ಲ. ಏನಂತ ಕೂಗ್ತಾರೆ ಗೊತ್ತಾ? "ಹೇಮಾ ಆಂಟಿ ಕಂಬದ ಹತ್ರ ಬಾರೋ" ಅಂತ. ಅದೀಗ ಆ ಕಂಬದ ಹೆಸರು. ಕೊರಿಯರ್‌ನವನಿಗೂ ಹಾಗೇ ದಾರಿ ಹೇಳ್ತಾರೆ. ಸತ್ತ ಮೇಲೆ ಕೆಲವರ ಹೆಸರನ್ನ ರಸ್ತೆಗಿಡ್ತಾರೆ. ನನಗೆ ಬದುಕಿದ್ದಾಗಲೇ ಒಂದು ಕಂಬ ಸಿಕ್ತು…

ಹೂಂ, ಈಗ ಬಂತು ನೋಡು ನಿಜವಾದ ಮಾತು. ನಿನ್ನ ಕೆಲಸ. ಅದನ್ನ ಮೊದಲೇ ಹೇಳಿದ್ರೆ ಬೋನಸ್ಸಿನ ಪುರಾಣ ಕೇಳೋದು ತಪ್ತಿತ್ತು…

ನಿನ್ನ ಕೆಲಸ ತೆಗೆಸಿ ನನಗೇನಾಗಬೇಕು ಬಸು? ಫಾರಂ ತುಂಬಿದ್ದು ಯಾರು ಅಂತ ನಾನಾಗಿ ಹೇಳಲ್ಲ. ಖಾಲಿ ಕಾಗದಕ್ಕೆ ಸಹಿ ಹಾಕಿದವಳು ನಾನು, ಅದು ನನ್ನ ತಲೆಗೇ ಬರಲಿ. ಆದ್ರೆ ಯಾರಾದ್ರೂ ಎದುರಿಗೆ ಕೂತು ಕೇಳಿದ್ರೆ ಸುಳ್ಳು ಹೇಳಲ್ಲ. ಅಷ್ಟಕ್ಕೆ ನೀನೂ ತಯಾರಿರು…

"ಹಾಗಾದ್ರೆ ಕಂಬ ಅಂತಾನೇ ಹೇಳಿ, ಹಳೇ ಕಂಪನಿಯಲ್ಲಿ ಅದೇ ಇದೆ, ಎರಡೂ ಹೊಂದುತ್ತೆ." ಅಂದ್ರೆ ಮೊದಲು ಏನೂ ಆಗಿಲ್ಲ ಅನ್ನಬೇಕಿತ್ತು. ಈಗ ಕಂಬ ಅನ್ನಬೇಕು. ಟ್ಯಾಂಕರ್ ಅಂತ ಮಾತ್ರ ಅನ್ನಬಾರದು. ಆದದ್ದೊಂದು ಬಿಟ್ಟು ಏನು ಬೇಕಾದ್ರೂ ಹೇಳಬಹುದು, ಅಲ್ವಾ?…

ಸಾಕ್ಷಿ ಯಾಕಿಲ್ಲ? ನಿಮ್ಮಮ್ಮ ಇದಾರೆ. ಇಲ್ಲೇ ಬಾಲ್ಕನಿಯಲ್ಲಿ ಕೂತು ತೊಗರಿಬೇಳೆ ಆರಿಸ್ತಿದಾರೆ. ಆವತ್ತು ಅವರು ಹೇಳಿದ್ರಪ್ಪ, "ಏ ಸಿದ್ದು, ಅವ್ಳು ನಿಂತಿದ್ಲು ಕಣೋ, ಲಾರಿನೇ ಬಂದಿದ್ದು" ಅಂತ. ಅದಕ್ಕೆ ಮಗ ಏನಂದ? "ಅಮ್ಮನ ಕಣ್ಣಲ್ಲಿ ಪೊರೆ ಇದೆ, ಅವಳಿಗೇನು ಕಾಣುತ್ತೆ." ಮುದುಕಿ ಆಮೇಲೆ ಬಾಯಿ ತೆಗೀಲಿಲ್ಲ. ಈಗ ಪೊರೆ ತೆಗೆಸಿದೀವಿ. ಬೇಳೆಯಲ್ಲಿ ಕಲ್ಲು ಹೇಗೆ ಹೆಕ್ತಿದಾರೆ ಅಂದ್ರೆ ನೀನು ಬಂದು ನೋಡಬೇಕು…

ಇರು, ಅವರನ್ನೇ ಕೇಳ್ತೀನಿ. ಅತ್ತೆ, ಫೋನಲ್ಲಿ ಬಸು. ಆ ಟ್ಯಾಂಕರ್ ವಿಷಯ. ಹೇಳಲಾ ಬೇಡ್ವಾ ಅಂತ. … ಕೇಳಿಸ್ತೇನೋ ಅವರು ಅಂದದ್ದು? "ಆಗಿದ್ದು ಹೇಳಾಕೆ ಯಾರಪ್ಪಣೆ ಬೇಕಮ್ಮ" ಅಂದ್ರು. ಅಂದು ಮತ್ತೆ ಮೊರ ನೋಡ್ತಿದಾರೆ…

ಇರು, ಮೊಬೈಲ್ ಬಡ್ಕೋತಾ ಇದೆ. ಅವಳೇ ಇರಬೇಕು. … ಹೂಂ, ಅವಳೇ. ಇಡಬೇಡ. ಇಡಬೇಡ ಅಂದೆ. ನೀನೂ ಕೇಳಿಸ್ಕೋ.

ಹಲೋ, ಹೇಳಮ್ಮ ಸವಿತಾ. … ಆಯ್ತು, ಊಟ ಆಯ್ತು. ನಿಂದು? … ಹೌದು, ಆ ಪ್ರಶ್ನೆಗೆ ಉತ್ತರ ಕೊಡ್ತೀನಿ. ಆಗಿತ್ತಮ್ಮ. ಕಳೆದ ಬೇಸಿಗೆಯಲ್ಲಿ, ನಮ್ಮ ಗೇಟಿನ ಮುಂದೆ. ನನ್ನ ಕಾರು ನಿಂತಿತ್ತು. ನೀರಿನ ಟ್ಯಾಂಕರ್ ರಿವರ್ಸ್ ಬಂದು ಗುದ್ದಿತು. ತಪ್ಪು ನನ್ನದಲ್ಲ…

ಕ್ಲೇಮ್ ಆಗಿದೆ. ಆದ್ರೆ ಅಲ್ಲಿ ಬೇರೆ ಬರೆದಿದೆ. ಕಂಬಕ್ಕೆ ಗುದ್ದಿದೆ ಅಂತ. ಅದು ಸುಳ್ಳು. … ಸಹಿ ನನ್ನದೇ, ಖಾಲಿ ಫಾರಮ್ಮಿಗೆ ಹಾಕಿದ್ದೆ. … ಹಾಂ, ಎರಡೂ ತಾಳೆ ಆಗಲ್ಲ, ಗೊತ್ತಮ್ಮ. … ವಿಚಾರಣೆಗೆ ಬರ್ತಾರಾ? ಬರಲಿ, ಕಾಫಿ ಕೊಡ್ತೀನಿ. … ತಡ ಆದ್ರೆ ಆಗಲಿ, ಅಲ್ಲಿ ತನಕ ಗಾಡಿ ತೆಗೆಯಲ್ಲ. … ರಿಯಾಯಿತಿ ಇಲ್ಲ, ಅದೂ ಗೊತ್ತು. … ವಾಪಸ್ ಕಟ್ಟಿ ಅಂದ್ರೆ ಕಟ್ತೀನಿ…

ಬರ್ಕೊಂಡ್ಯಾ? ಏನು ಬರ್ಕೊಂಡೆ, ಓದಿ ಹೇಳಮ್ಮ ಒಂದು ಸಲ. …

ಹೂಂ. … ಇಲ್ಲಮ್ಮ, ಏನೂ ತಪ್ಪಿಲ್ಲ, ಸರಿಯಾಗೇ ಇದೆ. ಇನ್ನೊಂದು ಸಲ ಓದು. "ನಿಂತಿದ್ದ ಕಾರಿಗೆ"… ಅಲ್ಲಿಂದ ಓದು. …

ಒಳ್ಳೇದಮ್ಮ. ಇಡ್ತೀನಿ.

ಹಲೋ, ಬಸು? ಇದ್ದೀಯಾ?…

ಕೇಳಿಸ್ತಲ್ಲ ನಾನು ಹೇಳಿದ್ದು…

ನಿಮ್ಮಣ್ಣನಿಗೆ ನೀನೇನೂ ಹೇಳಬೇಡ, ಸಂಜೆ ನಾನೇ ಹೇಳ್ತೀನಿ. ಊಟಕ್ಕೆ ಮುಂಚೆ. ಕೀಲಿನೂ ಕೇಳ್ತೀನಿ. … ನೀರು ನಿಲ್ಲಿಸಿದ್ರೆ ನಿಲ್ಲಿಸಲಿ. ಬಾಗಿಲಿಗೆ ಸೆಕ್ರೆಟರಿ ಮನೆ ಅಂತ ಬೋರ್ಡು ಹಾಕಿದೀವಿ, ಬಿಂದಿಗೆ ತಂದವರಿಗೆ ಸೆಕ್ರೆಟರಿನೇ ಉತ್ತರ ಕೊಡಲಿ. ನನ್ನ ಹೆಸರು ಮಾರಿ ತಂದ ನೀರಲ್ಲಿ ಒಂದು ವರ್ಷ ಎಲ್ಲರೂ ಸ್ನಾನ ಮಾಡಿದಾರೆ, ಸಾಕು…

ಕೋಪ ಇಲ್ಲ ಕಣೋ ನಿನ್ನ ಮೇಲೆ. ಕೋಪ ಮಾಡಿಸ್ಕೊಳ್ಳೋಕೂ ಒಂದು ಯೋಗ್ಯತೆ ಬೇಕು, ನೀನಿನ್ನೂ ಅಷ್ಟು ಬೆಳೆದಿಲ್ಲ. ಭಾನುವಾರ ಬಾ, ಅಮ್ಮ ಕಾಯ್ತಿರ್ತಾರೆ. ರೊಟ್ಟಿ, ಎಣ್ಣೆಗಾಯಿ ಮಾಡ್ತೀನಿ. ತಿಂದು, ಅವರ ಎದುರಿಗೆ ಕೂತು ಕಂಬದ ಕಥೆ ಇನ್ನೊಂದು ಸಲ ಹೇಳು ನೋಡೋಣ…

ಏನದು ಶಬ್ದ ಅಂತೀಯಾ? ಮರೆಪ್ಪನ ಟ್ಯಾಂಕರು. ರಿವರ್ಸ್ ಹಾಕಿದ್ರೆ ಹಾಡು ಹೇಳುತ್ತೆ ಅದು, ಊರಿಗೆಲ್ಲ ಕೇಳುತ್ತೆ. ಓಡಿಸೋನಿಗೆ ಮಾತ್ರ ಕೇಳಲ್ಲ. … ಅವನೇ ಕಣೋ, ಬಾಮೈದ. ಈಗ ಚಪ್ಪಲಿ ಹಾಕಿದಾನೆ, ಅಷ್ಟು ಕಲಿತಿದಾನೆ. ಮರೆಪ್ಪ ಹಿಂದೆ ನಿಂತು "ಬರ್ಲಿ ಬರ್ಲಿ" ಅಂತ ಕೈ ಬೀಸ್ತಿದಾನೆ. ಬೀಸ್ತಾ ಬೀಸ್ತಾ ಫೋನಲ್ಲಿ ಮಾತಾಡ್ತಿದಾನೆ, ನೋಡ್ತಾನೇ ಇಲ್ಲ…

ಇಲ್ಲ, ನನ್ನ ಕಾರು ಒಳಗಿದೆ, ಅದಕ್ಕೇನಾಗಲ್ಲ. … ಬರ್ಲಿ ಬರ್ಲಿ ಅಂತಾನೇ ಇದಾನಲ್ಲ. ಅಯ್ಯೋ, ಇನ್ನೆಲ್ಲಿಗೆ ಬರೋದು, ಬಸು, ಅಲ್ಲಿ ಕಂ…

ದಡ್ ಎಂದು ಒಂದು ಸದ್ದಾಯಿತು. ಹಿಂದೆಯೇ ಮೇಲೆಲ್ಲೋ ಚಟಚಟ ಸಿಡಿದದ್ದು ಕೇಳಿಸಿತು. ಒಳಗೆ ಫ್ಯಾನು ನಿಧಾನವಾಗಿ ನಿಂತಿತು, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಅಡಗಿತು, ಹೇಮಲತಾಳ ಕಿವಿಗೆ ಆನಿಸಿದ್ದ ಫೋನು ಸತ್ತುಹೋಯಿತು. ಕೆಳಗೆ ಟ್ಯಾಂಕರಿನ ಹಿಂಭಾಗಕ್ಕೆ ಕಂಬ ಒರಗಿಕೊಂಡು ನಿಂತಿತ್ತು. ತಂತಿಗಳು ಕಾಂಪೌಂಡಿನ ಮೇಲೆ ಜೋತುಬಿದ್ದಿದ್ದವು. ಮರೆಪ್ಪನ ಕೈ ಬೀಸುವ ಭಂಗಿಯಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತ್ತು. ರಿವರ್ಸಿನ ಹಾಡು ಮಾತ್ರ ಇನ್ನೂ ನಡೆದಿತ್ತು.

ಅತ್ತೆ ಶರಣಮ್ಮ ಮೊರವನ್ನು ಪಕ್ಕಕ್ಕಿಟ್ಟು ಎದ್ದರು. ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ, ಕೈಯಲ್ಲಿ ಫೋನು ಹಿಡಿದು ನಿಂತಿದ್ದ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪುಣ್ಯಕ್ಕೆ ನೀನು ಮನೇಲಿದ್ದೆ ಕಣಮ್ಮ" ಎಂದರು.